ಶಿಕಾಗೋ ಪ್ರತಿಯ ಮೂರನೆಯ ಪುಟ

ಅಕ್ಕ ಬರೆದುಕೊಟ್ಟ ಮೂರನೆಯ ಪುಟವನ್ನು ನಾನು ಶಿಕಾಗೋದವರಿಗೆ ಕಳಿಸಲಿಲ್ಲ. ಅದರ ಜಾಗದಲ್ಲಿ ನಾನೇ ಬರೆದ ಬೇರೊಂದು ಪುಟ ಹಾಕಿದೆ. ಆಮೇಲೆ, ಇದನ್ನು ಬರೆದವರು ಯಾರೆಂದು ತುಂಬಿದ ಸಭೆಯಲ್ಲಿ ಕೇಳಿದಾಗ ಎದ್ದು ನಿಲ್ಲಲಿಲ್ಲ. ಮೊದಲನೆಯದಕ್ಕೆ ನನ್ನ ಬಳಿ ಕಾರಣಗಳಿವೆ. ಅವು ಸುಳ್ಳೆಂದು ಈಗಲೂ ಒಪ್ಪುವುದಿಲ್ಲ. ಎರಡನೆಯದಕ್ಕೆ ಒಂದು ಕಾರಣವೂ ಇಲ್ಲ.

೨೦೦೪ರ ಬೇಸಿಗೆ. ನಾನು ಶಿಕಾಗೋ ಪಕ್ಕದ ವೆಸ್ಟ್‌ಮಂಟ್‌ನ ಒಂದು ಸಣ್ಣ ಪ್ರೆಸ್ಸಿನಲ್ಲಿ ಕೆಲಸಕ್ಕಿದ್ದೆ. ಶಾಲೆಯಲ್ಲಿ ಓದಿದ್ದು ಏಳನೇ ಕ್ಲಾಸಿನವರೆಗೆ. ಉಳಿದ ವಿದ್ಯೆಯೆಲ್ಲ ಅರಸೀಕೆರೆಯ ಒಂದು ಪ್ರೆಸ್ಸಿನಲ್ಲಿ ಅಚ್ಚುಮೊಳೆ ಜೋಡಿಸುತ್ತ ಬಂದದ್ದು. ಡೆಟ್ರಾಯಿಟ್ ಪಕ್ಕದ ಕ್ಯಾಂಟನ್‌ನಲ್ಲಿದ್ದ ಅಕ್ಕ ಆಸ್ಪತ್ರೆಯೊಂದರಲ್ಲಿ ನರ್ಸು. ನನಗಾಗಿ ಅರ್ಜಿ ಹಾಕಿ, ಹತ್ತು ವರ್ಷಕ್ಕೂ ಹೆಚ್ಚು ಕಾಲ ಪ್ರತಿ ಕಾಗದಕ್ಕೂ ಉತ್ತರ ಬರೆದು, ಕೊನೆಗೆ ನನ್ನನ್ನು ಈ ದೇಶಕ್ಕೆ ಕರೆಸಿಕೊಂಡವಳು ಅವಳೇ.

ಸರೋವರಗಳ ಸುತ್ತಲಿನ ಕನ್ನಡ ಸಂಘಗಳು ಸೇರಿ ಒಂದು ಒಕ್ಕೂಟ ಮಾಡಿಕೊಂಡಿದ್ದವು. ಶಿಕಾಗೋ, ಡೆಟ್ರಾಯಿಟ್, ನದಿಯಾಚೆ ಕೆನಡಾದ ವಿಂಡ್ಸರ್, ಇನ್ನೆರಡು ಸಣ್ಣ ಊರು. ಯುಗಾದಿ, ರಾಜ್ಯೋತ್ಸವ, ಕನ್ನಡ ಕ್ಲಾಸು ಇವೆಲ್ಲ ಆಯಾ ಸಂಘದ ಕೆಲಸ. ಎಲ್ಲ ಊರಿಗೂ ಎರಡು ದೇಶಕ್ಕೂ ಸೇರಿದ ಕೆಲಸ ಮಾತ್ರ ಒಕ್ಕೂಟದ್ದು. ಒಂದು ಸಂಘದ ಒಳಗಿನ ವ್ಯವಹಾರಕ್ಕೆ ಒಕ್ಕೂಟ ಕೈಹಾಕಕೂಡದು ಎಂದು ನಿಯಮವೇ ಇತ್ತು. ಮೂರು ವರ್ಷಕ್ಕೊಮ್ಮೆ ಅಧ್ಯಕ್ಷರ ಚುನಾವಣೆ. ಮನೆಗೊಂದು ಮತ, ಅಂಚೆಯಲ್ಲಿ. ಹೆಚ್ಚು ಮನೆಗಳಿದ್ದದ್ದು ಶಿಕಾಗೋ ಕಡೆ. ಶಿಕಾಗೋ ಮತವಿಲ್ಲದೆ ಗೆದ್ದವರಿಲ್ಲ.

ಜೂನ್ ತಿಂಗಳ ಒಂದು ಭಾನುವಾರ ಅಕ್ಕ ಫೋನ್ ಮಾಡಿದಳು.

"ನಾನು ನಿಂತ್ಕೋತಾ ಇದೀನಿ ಕಣೋ."

"ಎಲ್ಲಿ?"

"ಒಕ್ಕೂಟದ ಎಲೆಕ್ಷನ್‌ಗೆ. ನಗಬೇಡ."

ನಾನು ನಗಲಿಲ್ಲ. ಏಕೆ ನಿಲ್ಲುತ್ತಿದ್ದಾಳೆಂದು ನನಗೆ ಗೊತ್ತಿತ್ತು. ಹಿಂದಿನ ಚಳಿಗಾಲದಲ್ಲಿ ವಿಂಡ್ಸರಿನ ಕನ್ನಡಿಗರೊಬ್ಬರು ಸೇತುವೆ ದಾಟಿ ಡೆಟ್ರಾಯಿಟ್ ಕಡೆಯ ಕಾರ್ಖಾನೆಗೆ ಕೆಲಸಕ್ಕೆ ಬಂದವರು ಅಲ್ಲೇ ಕುಸಿದು ಬಿದ್ದು, ಅಕ್ಕನ ಆಸ್ಪತ್ರೆಯಲ್ಲಿ ತೀರಿಕೊಂಡರು. ಅವರ ಹೆಂಡತಿ ಊರಿನಿಂದ ಬಂದು ನಾಲ್ಕು ತಿಂಗಳೂ ಆಗಿರಲಿಲ್ಲ. ಈ ಕಡೆಗೆ ಬರಲು ವೀಸಾ ಇರಲಿಲ್ಲ. ಗಂಡನ ದೇಹ ಇಲ್ಲಿ, ಹೆಂಡತಿ ಅಲ್ಲಿ, ನಡುವೆ ಒಂದು ನದಿ. ಅಕ್ಕ ಡೆಟ್ರಾಯಿಟ್ ಸಂಘಕ್ಕೆ ಫೋನ್ ಮಾಡಿದರೆ, "ಅವರು ವಿಂಡ್ಸರ್ ಮೆಂಬರ್ಸ್ ಅಲ್ವಾ ಸಿಸ್ಟರ್" ಎಂದರು. ವಿಂಡ್ಸರಿಗೆ ಮಾಡಿದರೆ, ಆಗಿರುವುದು ಅಮೆರಿಕದಲ್ಲಿ, ಅಲ್ಲಿಯವರೇ ನೋಡಬೇಕು ಎಂದರು. ಯಾರೂ ಕೆಟ್ಟವರಲ್ಲ. ಇದು ತನ್ನ ಕೆಲಸವೆಂದು ಯಾರ ಹೆಸರಿನ ಮುಂದೆಯೂ ಬರೆದಿರಲಿಲ್ಲ, ಅಷ್ಟೆ. ಮೂರು ದಿನ ಆ ಹೆಂಗಸು ಒಬ್ಬರೇ ಅಪಾರ್ಟ್‌ಮೆಂಟಿನಲ್ಲಿ ಫೋನಿನ ಮುಂದೆ ಕುಳಿತಿದ್ದರು. ಅಕ್ಕ ಡೈರೆಕ್ಟರಿ ತೆಗೆದು ಕನ್ನಡದ ಹೆಸರೆಂದು ಕಂಡವರಿಗೆಲ್ಲ ಒಬ್ಬೊಬ್ಬರಾಗಿ ಫೋನ್ ಮಾಡುತ್ತ ಹೋಗಿ, ಕೊನೆಗೆ ವಿಂಡ್ಸರಿನ ಒಬ್ಬ ಟ್ಯಾಕ್ಸಿ ಡ್ರೈವರನ್ನು ಅವರ ಬಾಗಿಲಿಗೆ ಕಳಿಸಿದ್ದಳು.

ಆದ್ದರಿಂದ ಅಕ್ಕನಿಗೆ ಬೇಕಾಗಿದ್ದುದು ಒಂದು ಪಟ್ಟಿ. ಇಂಥ ಹೊತ್ತಿನಲ್ಲಿ ಫೋನ್ ಮಾಡಲು ಪ್ರತಿ ಊರಿನಿಂದ ಇಬ್ಬರ ಹೆಸರು, ಇಬ್ಬರ ಫೋನ್ ನಂಬರು, ಸೇತುವೆಯ ಎರಡೂ ಕಡೆ. ಆರು ತಿಂಗಳಿಗೊಮ್ಮೆ ತಿದ್ದಿ ಮನೆಮನೆಗೆ ಕಳಿಸುವುದು. ಒಕ್ಕೂಟವೇ ಮಾಡಬೇಕಾದ, ಒಕ್ಕೂಟ ಮಾತ್ರ ಮಾಡಬಹುದಾದ ಕೆಲಸ.

ಚುನಾವಣೆಯ ಕರಪತ್ರಕ್ಕೆಂದು ಕೈಬರಹದ ನಾಲ್ಕು ಪುಟ ಫ್ಯಾಕ್ಸ್‌ನಲ್ಲಿ ಬಂತು. ಒಂದನೆಯದು ಅವಳ ಪರಿಚಯ, ಎರಡನೆಯದು ಒಕ್ಕೂಟದ ಬಗ್ಗೆ, ಮೂರನೆಯದು ವಿಂಡ್ಸರಿನ ಆ ಸಾವು ಮತ್ತು ಪಟ್ಟಿ, ನಾಲ್ಕನೆಯದು ವಿಳಾಸದ ಜಾಗ.

"ಪ್ರೂಫ್ ನೀನೇ ನೋಡ್ಬಿಡು," ಎಂದಳು. "ನಂಗೆ ಡಬಲ್ ಶಿಫ್ಟು. ನಿನ್ನ ಕಣ್ಣಿಗೆ ಬೀಳದೇ ಇರೋ ತಪ್ಪು ನನ್ನ ಕಣ್ಣಿಗೆ ಬೀಳುತ್ತಾ?"

ಆಗಿನ ಕಾಲಕ್ಕೆ ಅಲ್ಲಿ ಕನ್ನಡ ಅಚ್ಚು ಮಾಡುವುದು ಸುಲಭವಿರಲಿಲ್ಲ. ಬೆಂಗಳೂರಿನಿಂದ ತರಿಸಿದ ಸಾಫ್ಟ್‌ವೇರ್‌ನಲ್ಲಿ ಟೈಪ್ ಮಾಡಿ ನೇರ ಅಚ್ಚಿನ ಪ್ಲೇಟಿಗೆ ಕಳಿಸಿದರೆ ಒತ್ತಕ್ಷರಗಳೆಲ್ಲ ಉದುರಿಹೋಗುತ್ತಿದ್ದವು. ಮೊದಲ ಪ್ರಯತ್ನದಲ್ಲಿ 'ಒಕ್ಕೂಟ' 'ಒಕೂಟ' ಆಯಿತು. ಲೇಸರ್ ಪ್ರಿಂಟ್ ತೆಗೆದು, ಸಾಲುಸಾಲಾಗಿ ಕತ್ತರಿಸಿ, ಹಾಳೆಗೆ ಅಂಟಿಸಿ, ಕ್ಯಾಮೆರಾದಲ್ಲಿ ಫಿಲ್ಮ್ ಹಿಡಿದು, ಅದರಿಂದ ಪ್ಲೇಟು ಮಾಡಬೇಕು. ಮಾಲೀಕರ ಅನುಮತಿ ಪಡೆದು ನನ್ನ ರಜೆಯ ಶನಿವಾರಗಳಲ್ಲಿ ಈ ಕೆಲಸಕ್ಕೆ ಕುಳಿತೆ.

ಅಚ್ಚಿಗೆ ಹೋಗುವ ಮೊದಲು ಪ್ರೂಫ್ ಹಿಡಿದುಕೊಂಡು ಶಿಕಾಗೋ ಸುತ್ತಲಿನ ನಮ್ಮವರ ಮನೆಗಳಿಗೆ ಹೋಗಿಬರೋಣ ಎನಿಸಿತು. ಧಾರವಾಡ ಕಡೆಯ ನಿವೃತ್ತ ಅಂಕಲ್ ಒಬ್ಬರು ಜೊತೆಗೆ ಬಂದರು. ಸಂಘದಲ್ಲಿ ಅವರಿಗೆ ಗೊತ್ತಿಲ್ಲದ ಮನೆಯಿರಲಿಲ್ಲ. ವುಡ್‌ರಿಡ್ಜ್‌ನ ಮೊದಲ ಮನೆಯಲ್ಲಿ ಬಾಗಿಲು ತೆಗೆದ ಹುಡುಗಿ ಒಳಗೆ ತಿರುಗಿ, "ಮಾಮ್, ಟೂ ಅಂಕಲ್ಸ್ ವಿತ್ ಪೇಪರ್ಸ್" ಎಂದು ಕೂಗಿತು. ತಾಯಿ ಬಂದು, ನಿಂತಲ್ಲೇ ಮೂರನೆಯ ಪುಟ ಓದಿದರು.

"ಪಾಪ," ಎಂದರು. "ಒಳ್ಳೇ ಕೆಲಸಾನೇ. ಅದ್ಸರಿ, ನಮ್ಮ ಕನ್ನಡ ಕ್ಲಾಸ್ ರೂಮ್ ಏನಾಯ್ತು? ಎರಡು ತಿಂಗಳಿಂದ ಮಕ್ಕಳಿಗೆ ಕ್ಲಾಸೇ ಇಲ್ಲ."

"ಅದು ನಿಮ್ಮ ಸಂಘದ್ದು ಆಂಟಿ, ಒಕ್ಕೂಟದ್ದಲ್ಲ," ಎಂದೆ.

"ಯಾರದ್ದೋ ಒಂದು. ಓಟು ಕೇಳೋಕೆ ಬಂದೋರು ನೀವು ತಾನೇ?"

ನೇಪರ್‌ವಿಲ್ಲಿನಲ್ಲಿಯೂ ಅದೇ. ಒಬ್ಬರಿಗೆ ಸಂಘದ ಹಾಲ್‌ನ ಪಾರ್ಕಿಂಗ್, ಇನ್ನೊಬ್ಬರಿಗೆ ಊಟದ ಸಾಲು. ಎದುರು ಬಣದಿಂದ ನಿಂತಿದ್ದವರು ನೇಪರ್‌ವಿಲ್ಲಿನದೇ ಒಬ್ಬ ಡಾಕ್ಟರು. ಅವರ ಕರಪತ್ರ ಆಗಲೇ ಎಲ್ಲರ ಫ್ರಿಜ್ಜಿನ ಮೇಲಿತ್ತು: ಒಕ್ಕೂಟದ ಮುಂದಿನ ಸಮ್ಮೇಳನ ಶಿಕಾಗೋಗೇ ಬರಬೇಕು, ಎಷ್ಟು ದಿನ ಡೆಟ್ರಾಯಿಟಿನವರ ಯಜಮಾನಿಕೆ? ಇದಿಷ್ಟೇ. ಒಕ್ಕೂಟ ಏನು ಮಾಡಬೇಕೆಂಬ ಒಂದು ಸಾಲೂ ಅದರಲ್ಲಿರಲಿಲ್ಲ.

ಕಾರಿನಲ್ಲಿ ಅಂಕಲ್ ಹೇಳಿದರು: "ತಮ್ಮಾ, ನಿಮ್ಮ ಅಕ್ಕಾರು ಬರದದ್ದು ಖರೇ ಅದ. ಆದ್ರ ಇಲ್ಲಿ ಮಂದಿಗೆ ಕಾರ್ ಹಚ್ಚಾಕ ಜಾಗಾ ಸಿಗವಲ್ದು. ನೀವು ಹೋಗಿ ವಿಂಡ್ಸರಿನ ಕತಿ ಹೇಳಿದ್ರ, ಹೌದ್ರೀ ಅಂತಾರ, ಡಾಕ್ಟರಿಗೆ ಓಟ್ ಹಾಕ್ತಾರ."

ಸೋಮವಾರ ಪ್ರೆಸ್ಸಿನಲ್ಲಿ ಇದನ್ನೇ ಯೋಚಿಸುತ್ತ ಕುಳಿತಿದ್ದೆ. ನಮ್ಮ ಮಶೀನ್ ನಡೆಸುತ್ತಿದ್ದವನು ಪೋಲೆಂಡಿನವನು. ಅವನ ದೇಶ ಆ ವರ್ಷವಷ್ಟೇ ಯುರೋಪಿನ ಒಕ್ಕೂಟಕ್ಕೆ ಸೇರಿತ್ತು. ಎಷ್ಟೋ ದೇಶಗಳಿಗೆಲ್ಲ ಸೇರಿ ಒಂದು ಪಾರ್ಲಿಮೆಂಟು, ಅದಕ್ಕೆ ಆಗ ತಾನೇ ಚುನಾವಣೆ ಮುಗಿದಿತ್ತು. ಅವನ ಇಂಗ್ಲಿಷೂ ನನ್ನ ಇಂಗ್ಲಿಷೂ ಅಷ್ಟಕ್ಕಷ್ಟೇ ಆದ್ದರಿಂದ ನಮಗೆ ಒಬ್ಬರದೊಬ್ಬರಿಗೆ ಚೆನ್ನಾಗಿ ಅರ್ಥವಾಗುತ್ತಿತ್ತು. ಊರಿನಿಂದ ಅವನ ತಂಗಿ ಕಳಿಸಿದ್ದ ಕರಪತ್ರಗಳನ್ನು ತೋರಿಸಿದ. ಯುರೋಪಿನ ಮಾತು ಎಲ್ಲಿದೆ ಎಂದು ಕೇಳಿದೆ. ನಕ್ಕ.

"ಎಲ್ಲೂ ಇಲ್ಲ. ಎಲ್ಲ ನಮ್ಮ ಮನೆಯ ಜಗಳ. ನಮ್ಮ ಮಂತ್ರಿಗಳು, ನಮ್ಮ ಆಸ್ಪತ್ರೆ, ನಮ್ಮ ಕೆಲಸ. ಅಷ್ಟು ದೂರದ ಸಭೆ ಏನು ಮಾಡುತ್ತದೆಂದು ನನ್ನ ತಂಗಿಗೆ ಗೊತ್ತಿಲ್ಲ. ಯಾರ ಮೇಲೆ ಸಿಟ್ಟೆಂದು ಮಾತ್ರ ಗೊತ್ತು. ಪಕ್ಷದವರಿಗೆ ಬೇಕಾದ್ದು ಆ ಸಿಟ್ಟು."

"ಮತ್ತೆ ಯುರೋಪು?"

"ಅದರ ಬಗ್ಗೆ ಮಾತಾಡಿದರೆ ಪಕ್ಷದೊಳಗೇ ಇಬ್ಬರು ಇಬ್ಬಗೆ ಹೇಳುತ್ತಾರೆ. ಬಾಯಿಮುಚ್ಚಿಕೊಂಡಿರುವುದೇ ಕ್ಷೇಮ." ಮಶೀನಿನ ರೋಲರ್ ಒರೆಸುತ್ತ ಕೇಳಿದ: "ನಿನ್ನ ಅಕ್ಕನಿಗೆ ಬೇಕಾಗಿರುವುದು ಮತವೋ, ಮೆಚ್ಚುಗೆಯೋ?"

ನನಗೆ ಇದು ಹೊಸದೇನಲ್ಲ. ಅರಸೀಕೆರೆಯಲ್ಲಿ ಲೋಕಸಭೆಯ ಕರಪತ್ರಗಳನ್ನು ನಾನೇ ಜೋಡಿಸುತ್ತಿದ್ದೆ. ದೆಹಲಿಗೆ ಹೋಗುವವರ ಕರಪತ್ರದಲ್ಲಿ ನಮ್ಮ ಬೀದಿಯ ಚರಂಡಿ ಇರುತ್ತಿತ್ತು. ದೆಹಲಿಯವರು ಚರಂಡಿ ತೆಗೆಸುವುದಿಲ್ಲವೆಂದು ಬರೆದವನಿಗೂ ಗೊತ್ತು, ಓದುವವನಿಗೂ ಗೊತ್ತು. ಆದರೂ ಚರಂಡಿಗೆ ಬಿದ್ದಷ್ಟು ಮತ ದೇಶಕ್ಕೆ ಬೀಳುತ್ತಿರಲಿಲ್ಲ. ಮತ ಹಾಕುವವನು ದಡ್ಡನೆಂದು ಇದರರ್ಥವಲ್ಲ. ಕಣ್ಣಿಗೆ ಕಾಣುವುದನ್ನು ಅವನು ಮೊದಲು ಕೇಳುತ್ತಾನೆ. ಓದಿದವರು ಇದನ್ನು ಅಜ್ಞಾನ ಎನ್ನುತ್ತಾರೆ. ಅವರೂ ತಮ್ಮ ಪಾರ್ಕಿಂಗ್ ಬಂದಾಗ ಹಾಗೇ ಮಾಡುತ್ತಾರೆಂದು ನೇಪರ್‌ವಿಲ್ಲಿನ ಬಾಗಿಲುಗಳಲ್ಲಿ ನಿಂತು ನೋಡಿದ್ದೇನೆ.

ಆ ಶನಿವಾರ ತೀರ್ಮಾನ ಮಾಡಿದೆ.

ದೊಡ್ಡ ಹಾಳೆಯನ್ನು ಒಮ್ಮೆ ಮಡಿಸಿದರೆ ನಾಲ್ಕು ಪುಟ. ಹೊರಮೈಯಲ್ಲಿ ನಾಲ್ಕು ಮತ್ತು ಒಂದು, ಒಳಮೈಯಲ್ಲಿ ಎರಡು ಮತ್ತು ಮೂರು. ಹೊರಮೈಗೆ ಒಂದೇ ಪ್ಲೇಟು ಸಾಕು. ಒಳಮೈಗೆ ಎರಡು ಪ್ಲೇಟು ಮಾಡಿದೆ. ಡೆಟ್ರಾಯಿಟ್, ವಿಂಡ್ಸರ್ ಮತ್ತು ಸಣ್ಣ ಊರುಗಳಿಗೆ ಅಕ್ಕನ ಮೂರನೆಯ ಪುಟ. ಶಿಕಾಗೋ ಕಡೆಗೆ ನನ್ನದು: ಕನ್ನಡ ಕ್ಲಾಸಿಗೆ ಕಾಯಂ ರೂಮು, ಹಾಲ್‌ಗೆ ಸರಿಯಾದ ಪಾರ್ಕಿಂಗ್, ಮುಂದಿನ ಸಮ್ಮೇಳನ ಶಿಕಾಗೋದಲ್ಲಿ. ಮೊದಲೆರಡು ಒಕ್ಕೂಟದ ಕೈಯಲ್ಲಿಲ್ಲ. ಮೂರನೆಯದು ಡಾಕ್ಟರ ಕರಪತ್ರದಿಂದ ಎತ್ತಿದ್ದು. ಬರೆಯಲು ಒಂದು ಗಂಟೆಯೂ ಹಿಡಿಯಲಿಲ್ಲ. "ನಮ್ಮ ಮಕ್ಕಳು ಕನ್ನಡ ಕಲಿಯುವುದು ಯಾರ ಗ್ಯಾರೇಜಿನಲ್ಲಿ?" ಎಂದು ಶುರು ಮಾಡಿದೆ. ಚೆನ್ನಾಗಿ ಬಂತು. ಓದಿ ನನಗೇ ಹೆಮ್ಮೆಯಾಯಿತು.

ಮಡಿಸಿದ ಮೇಲೆ ಎರಡೂ ಹೊರಗಿನಿಂದ ಒಂದೇ ಥರ. ಬೆರೆತುಹೋಗದಿರಲೆಂದು ಶಿಕಾಗೋ ಪ್ರತಿಗೆ ಬಿಳಿಯ ದುಂಡು ಚೀಟಿ, ಉಳಿದವಕ್ಕೆ ಪಾರದರ್ಶಕ ಚೀಟಿ ಅಂಟಿಸಿ ಅಂಚು ಮುಚ್ಚಿದೆ. ಅಂಚೆ ಸಂಖ್ಯೆಯ ಪ್ರಕಾರ ವಿಂಗಡಿಸಿ, ರಬ್ಬರ್ ಬ್ಯಾಂಡ್ ಹಾಕಿ, ಬೇರೆಬೇರೆ ಟ್ರೇಗಳಲ್ಲಿ ಅಂಚೆಗೆ ಕೊಟ್ಟೆ. ಚೀಟಿ ಅಂಟಿಸಲು ಬಂದಿದ್ದ ಅಂಕಲ್, "ಎರಡು ಬಣ್ಣ ಯಾಕ ತಮ್ಮಾ?" ಎಂದು ಕೇಳಿದ್ದರು. ಬಿಳಿಯದು ಮುಗಿದುಹೋಯಿತು ಎಂದೆ. ಅಕ್ಕನಿಗೆ ಹೋದದ್ದು ಪಾರದರ್ಶಕ ಚೀಟಿಯ ಪ್ರತಿ. ಫೋನ್ ಮಾಡಿ, "ಒಂದು ಅಕ್ಷರ ತಪ್ಪಿಲ್ಲ ಕಣೋ," ಎಂದಳು.

ಅಕ್ಕ ಗೆದ್ದಳು. ಶಿಕಾಗೋದಲ್ಲಿ ಡಾಕ್ಟರಿಗಿಂತ ಹೆಚ್ಚು ಮತ ಬಿದ್ದಿತ್ತು.

ಮೊದಲ ಸಭೆ ಅಕ್ಟೋಬರಿನಲ್ಲಿ, ಕ್ಯಾಂಟನ್‌ನ ಒಂದು ಶಾಲೆಯ ಊಟದ ಹಾಲಿನಲ್ಲಿ. ಶಿಕಾಗೋ ಪ್ರತಿನಿಧಿಗಳನ್ನು ನನ್ನ ವ್ಯಾನಿನಲ್ಲಿ ಕೂರಿಸಿಕೊಂಡು ಐ-94 ಹೆದ್ದಾರಿಯಲ್ಲಿ ಹೋದೆ. ಡೆಟ್ರಾಯಿಟಿನ ಗಡಿಯಾರ ನಮ್ಮದಕ್ಕಿಂತ ಒಂದು ಗಂಟೆ ಮುಂದೆಂಬುದನ್ನು ನಮ್ಮವರು ಪ್ರತಿ ಸಲದಂತೆ ಆ ಸಲವೂ ಮರೆತಿದ್ದರು. ನಾವು ಒಳಗೆ ಹೋದಾಗ ಅಕ್ಕ ಪಟ್ಟಿಯ ವಿಷಯ ಮಂಡಿಸುತ್ತಿದ್ದಳು. ಮುಂದಿನ ಸಾಲಿನಲ್ಲಿ ವಿಂಡ್ಸರಿನ ಆ ಹೆಂಗಸು ಕುಳಿತಿದ್ದರು. ಅಷ್ಟರಲ್ಲಿ ಅವರಿಗೆ ವೀಸಾ ಸಿಕ್ಕಿತ್ತು. ಇದನ್ನು ನೋಡಲೆಂದೇ ಸೇತುವೆ ದಾಟಿ ಬಂದಿದ್ದರು.

ಶಿಕಾಗೋ ಪ್ರತಿನಿಧಿಯಾಗಿ ಬಂದಿದ್ದ ಡಾಕ್ಟರು ಕೈ ಎತ್ತಿದರು. "ಮೇಡಂ, ಪಟ್ಟಿ ಆಮೇಲಾಗ್ಲಿ. ನಮ್ಮ ಕ್ಲಾಸ್ ರೂಮ್ ಎಲ್ಲಿ?"

"ಯಾವ ರೂಮು?"

"ನೀವೇ ಬರೆದಿದೀರಲ್ಲ," ಎಂದು ಅವರು ಕರಪತ್ರ ಮೇಜಿನ ಮೇಲಿಟ್ಟರು. ವಿಂಡ್ಸರಿನ ಕಾರ್ಯದರ್ಶಿ ತಮ್ಮ ಪ್ರತಿ ತೆಗೆದು ಪಕ್ಕದಲ್ಲಿಟ್ಟರು. ಮೊದಲ ಪುಟ ಒಂದೇ. ತೆರೆದರೆ ಬೇರೆ.

ಅಕ್ಕ ಎರಡನ್ನೂ ನಿಧಾನವಾಗಿ ಓದಿದಳು.

"ಇಲ್ಲಿಗೊಂದು ಅಲ್ಲಿಗೊಂದು," ಎಂದರು ಡಾಕ್ಟರು. "ಇದನ್ನ ಬರೆದಿದ್ದು ಯಾರು ಮೇಡಂ?"

ಒಂದಿಬ್ಬರು ನನ್ನತ್ತ ನೋಡಿದರು. ನೋಡಿ ಕಣ್ಣು ಹೊರಳಿಸಿದರು. "ಅವರು ಪ್ರೆಸ್‌ನೋರು ಬಿಡಿ, ಕೊಟ್ಟಿದ್ದು ಪ್ರಿಂಟ್ ಮಾಡ್ತಾರೆ," ಎಂದು ನನ್ನ ವ್ಯಾನಿನಲ್ಲಿ ಬಂದವರೇ ಒಬ್ಬರು ಹೇಳಿದರು. ಏಳನೇ ಕ್ಲಾಸಿನವನು ಹೀಗೆ ಬರೆಯಬಲ್ಲನೆಂದು ಯಾರಿಗೂ ಹೊಳೆಯಲಿಲ್ಲ. ಬೇರೆ ದಿನವಾಗಿದ್ದರೆ ಆ ಮಾತಿಗೆ ಜಗಳಕ್ಕೆ ನಿಲ್ಲುತ್ತಿದ್ದೆ. ಅಂದು ಅದರ ಹಿಂದೆಯೇ ಅಡಗಿ ಕುಳಿತೆ.

ಅಕ್ಕ ನನ್ನ ಕಡೆ ನೋಡಲೇ ಇಲ್ಲ. "ನನ್ನ ಹೆಸರಲ್ಲಿ ಬಂದಿದೆ. ಜವಾಬ್ದಾರಿ ನಂದೇ," ಎಂದಳು.

ಪಟ್ಟಿಯ ವಿಷಯ ಮತಕ್ಕೆ ಹಾಕಿದರು. ಶಿಕಾಗೋದವರು ಬೇಡವೆಂದರು, ಇದಕ್ಕಾಗಿ ನಾವು ನಿಮ್ಮನ್ನು ಕಳಿಸಿದ್ದಲ್ಲ ಎಂಬ ಅವರ ಮಾತು ತಪ್ಪಲ್ಲ, ಪ್ರೂಫ್ ನೋಡಿದ ಕೆಲವು ಮನೆ ಬಿಟ್ಟರೆ ನಾನು ಅವರಿಗೆ ಇದನ್ನು ಹೇಳಿಯೇ ಇರಲಿಲ್ಲ. ಎರಡು ಮಾತಾಡುವವರನ್ನು ನಂಬುವುದು ಹೇಗೆಂದು ವಿಂಡ್ಸರಿನವರೂ ಕೈ ಎತ್ತಲಿಲ್ಲ. ಪಟ್ಟಿ ಬಿದ್ದುಹೋಯಿತು. ಅಕ್ಕ ಅಲ್ಲೇ ಒಂದು ಹಾಳೆ ತೆಗೆದುಕೊಂಡು ರಾಜೀನಾಮೆ ಬರೆದಳು. ವಿಂಡ್ಸರಿನ ಹೆಂಗಸು ಕೋಟು ತೊಟ್ಟು ಹೊರಗೆ ಹೋದರು.

ಹದಿನೈದು ದಿನ ಬಿಟ್ಟು ನಾನೇ ಫೋನ್ ಮಾಡಿದೆ. ಹವಾಮಾನ ಕೇಳಿದೆ. ಮೂವತ್ತೆಂಟು ಡಿಗ್ರಿ ಫ್ಯಾರನ್‌ಹೀಟ್, ಚಳಿ ಶುರುವಾಗಿದೆ ಎಂದಳು. ಆಮೇಲೆ ಅವಳೇ ಹೇಳಿದಳು:

"ನೀನು ಬರೆದಿದ್ದು ಚೆನ್ನಾಗಿತ್ತು ಕಣೋ. ಅದೇ ಬೇಜಾರು. ಅಷ್ಟು ಚೆನ್ನಾಗಿ ನನ್ನ ಪುಟಾನ ಬರೆದುಕೊಡಬಹುದಿತ್ತು."

"ಗೆಲ್ಲಲಿ ಅಂತ ಮಾಡಿದೆ ಅಕ್ಕ."

"ಗೆದ್ದೆನಲ್ಲ," ಎಂದಳು. "ಯಾವುದಕ್ಕೆ ಗೆದ್ದೆ ಅಂತ ಗೊತ್ತಾಗಲಿಲ್ಲ, ಅಷ್ಟೇ."

ಕ್ಷಮೆ ಕೇಳಬೇಕಿತ್ತು. ಬಾಯಿ ಬರಲಿಲ್ಲ. ಬಂದದ್ದು ಕೈ. ನವೆಂಬರಿನಿಂದ ಪ್ರತಿ ಶನಿವಾರ ಒಂದೊಂದು ಊರಿಗೆ ಫೋನ್ ಮಾಡಿದೆ. ಮೊದಲು ವಿಂಡ್ಸರ್. ಆ ಹೆಂಗಸು "ನನ್ನ ಹೆಸರೇ ಹಾಕೊಳಿ," ಎಂದರು. ಎರಡನೆಯದು ಆ ಟ್ಯಾಕ್ಸಿ ಡ್ರೈವರದು. ಡೆಟ್ರಾಯಿಟಿಗೆ ಎರಡು ಹೆಸರು ಸಿಗಲು ತಿಂಗಳು ಹಿಡಿಯಿತು. ಅಕ್ಕನ ಹೆಸರು ಕೇಳುವ ಧೈರ್ಯವಾಗಲಿಲ್ಲ. ಶಿಕಾಗೋ ಕಡೆಯಿಂದ ಮೊದಲ ಹೆಸರು ಕೊಟ್ಟವರು, ಕ್ಲಾಸ್ ರೂಮ್ ಕೇಳಿದ ಆ ವುಡ್‌ರಿಡ್ಜ್‌ನ ಆಂಟಿ. "ಇದನ್ನ ಮೊದಲೇ ನಮ್ಮನೇಲಿ ತೋರಿಸಿದ್ರಲ್ಲ, ಆ ಪೇಪರ್‌ನಲ್ಲಿ ಯಾಕೆ ಬರಲಿಲ್ಲ?" ಎಂದು ಕೇಳಿದರು. ಎರಡನೆಯ ಹೆಸರು ಧಾರವಾಡದ ಅಂಕಲ್‌ದು.

ಒಂದೇ ಹಾಳೆ, ಎರಡು ಮೈ. ಈ ಸಲ ಎಲ್ಲ ಊರಿಗೂ ಅವೇ ಪ್ಲೇಟುಗಳು. ಫೆಬ್ರವರಿಯಲ್ಲಿ ಅಂಚೆಗೆ ಹಾಕಿದೆ. ವಾರದೊಳಗೆ ಒಕ್ಕೂಟದ ಹೊಸ ಕಾರ್ಯದರ್ಶಿಯಿಂದ ಪತ್ರ ಬಂತು: ಅನುಮತಿಯಿಲ್ಲದೆ ಸದಸ್ಯರಿಗೆ ಏನನ್ನೂ ಕಳಿಸಕೂಡದು, ಸಭೆ ತಿರಸ್ಕರಿಸಿದ ವಿಷಯವನ್ನು ಮತ್ತೆ ಎತ್ತಕೂಡದು. ನಾನು ಉತ್ತರ ಬರೆದೆ. ಸಭೆ ತಿರಸ್ಕರಿಸಿದ್ದು ನನ್ನ ಮೋಸವನ್ನು, ಪಟ್ಟಿಯನ್ನಲ್ಲ. ಆಗಸ್ಟಿನಲ್ಲಿ ತಿದ್ದಿದ ಪಟ್ಟಿ ಮತ್ತೆ ಕಳಿಸುತ್ತೇನೆ. ತಡೆಯುವವರು ಬಂದು ಪ್ರೆಸ್ಸಿನ ಬಾಗಿಲಲ್ಲಿ ನಿಲ್ಲಲಿ.

ಯಾರೂ ಬರಲಿಲ್ಲ.

ಏಪ್ರಿಲ್‌ನಲ್ಲಿ ಒಕ್ಕೂಟದ ವಾರ್ಷಿಕ ಸಭೆ ವೆಸ್ಟ್‌ಮಂಟ್‌ನಲ್ಲೇ ಇತ್ತು. ಡೆಟ್ರಾಯಿಟ್ ಸಂಘದವರ ಜೊತೆ ಅಕ್ಕನೂ ಬಂದು ಕೊನೆಯ ಸಾಲಿನಲ್ಲಿ ಕುಳಿತಳು. ಡಾಕ್ಟರು ಈಗ ಅಧ್ಯಕ್ಷರು. ಕಾರ್ಯಸೂಚಿಯ ಕೊನೆಯಲ್ಲಿ 'ಇತರ ವಿಷಯಗಳು' ಎಂದು ಅವರು ಓದಿದ ಕೂಡಲೇ ಎದ್ದು ನಿಂತೆ.

"ಏನಿದ್ರೂ ಬರೆದುಕೊಡಿ," ಎಂದರು.

"ಬರೆದುಕೊಟ್ಟು ಆಗಿದೆ ಸರ್. ಈಗ ಮಾತಾಡ್ತೀನಿ."

ಜೇಬಿನಿಂದ ಅಕ್ಕನ ಫ್ಯಾಕ್ಸ್ ತೆಗೆದೆ. ಅಕ್ಷರ ಮಾಸಿ ಹಾಳೆ ಹಳದಿಯಾಗಿತ್ತು. ಮೂರನೆಯ ಪುಟವನ್ನು ಮೊದಲಿನಿಂದ ಕೊನೆಯವರೆಗೆ ಗಟ್ಟಿಯಾಗಿ ಓದಿದೆ. ಒಬ್ಬ ಕನ್ನಡಿಗರು ಸೇತುವೆಯ ಈ ಕಡೆ ತೀರಿಕೊಂಡರು, ಅವರ ಹೆಂಡತಿ ಆ ಕಡೆ ಇದ್ದರು, ಮೂರು ದಿನ ಅವರಿಬ್ಬರ ನಡುವೆ ನಮ್ಮವರು ಯಾರೂ ಇರಲಿಲ್ಲ ಎಂಬ ಸಾಲನ್ನು ಎರಡು ಸಲ ಓದಿದೆ. ಓದಿ ಮುಗಿಸಿ ಹೇಳಿದೆ:

"ಇದು ನಿಮಗೆ ಬರಬೇಕಾಗಿದ್ದ ಪುಟ. ನಿಮಗೆ ಬಂದಿದ್ದನ್ನು ಬರೆದೋನು ನಾನು. ಪ್ರಿಂಟ್ ಮಾಡಿದೋನು ಮಾತ್ರ ಅಲ್ಲ, ಬರೆದೋನೂ ನಾನೇ, ಈ ಏಳನೇ ಕ್ಲಾಸಿನೋನು. ನೀವು ಏನು ಕೇಳ್ತೀರಿ ಅಂತ ನನಗೆ ಚೆನ್ನಾಗಿ ಗೊತ್ತಿತ್ತು, ಅದನ್ನೇ ಕೊಟ್ಟೆ. ಅದರಲ್ಲಿ ನನ್ನ ಲೆಕ್ಕ ತಪ್ಪಲಿಲ್ಲ. ಆದರೆ ಇದನ್ನ ನಿಮ್ಮೆಲ್ಲರ ಮುಂದೆ ಇಡದೇ, ನೀವು ಬೇಡ ಅಂತೀರಿ ಅಂತ ನಾನೇ ತೀರ್ಮಾನ ಮಾಡ್ಕೊಂಡೆ. ಅದು ತಪ್ಪು."

ಯಾರೋ ಕುರ್ಚಿ ಎಳೆದ ಸದ್ದಾಯಿತು. ನಾನು ಅಧ್ಯಕ್ಷರ ಕಡೆಯಿಂದ ತಿರುಗಿ, ಕೊನೆಯ ಸಾಲನ್ನು ನೋಡಿದೆ. ಆಸ್ಪತ್ರೆಯಿಂದ ನೇರ ಬಂದವಳಂತೆ ಅವಳು ಕೈಚೀಲವನ್ನು ಮಡಿಲಲ್ಲೇ ಇಟ್ಟುಕೊಂಡಿದ್ದಳು.

"ಅಕ್ಕಾ, ನಿನ್ನ ಹೆಸರಲ್ಲಿ ಸುಳ್ಳು ಹೇಳಿದೆ. ಆವತ್ತು ಎಲ್ಲರ ಮುಂದೆ ನಿನ್ನನ್ನ ಕೇಳಿದಾಗ ಕೂತೇ ಇದ್ದೆ. ತಪ್ಪಾಯ್ತು. ನನ್ನ ಕ್ಷಮಿಸು."